ಶೋಕೇಸಿನಲ್ಲಿ ನಿಂತ ವೈನ್ ಬಾಟಲಿ: ಮನೆಯಲ್ಲಿ ಎಲ್ಲಿಡಬೇಕು, ಎಷ್ಟು ದಿನ ಇಡಬಹುದು?

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ವೈನ್ ಬಾಟಲಿ ಮೂರು ವರ್ಷ ನಿಂತಿತ್ತು. ಚನ್ನಪಟ್ಟಣದ ಬೊಂಬೆಗಳು, ಮಗಳಿಗೆ ಸ್ಕೂಲಿನಲ್ಲಿ ಸಿಕ್ಕ ಕಪ್ಪು, ಅವುಗಳ ಪಕ್ಕದಲ್ಲಿ ಇದು. ಹೊರದೇಶದಿಂದ ಬಂದ ಗೆಳೆಯನೊಬ್ಬ ಕೊಟ್ಟಿದ್ದ ಕೆಂಪು ವೈನ್. ವೈನ್ ಹಳೆಯದಾದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ಲ, ಅದಕ್ಕೇ ಮುಟ್ಟಿರಲಿಲ್ಲ. ಕೊನೆಗೆ ಊರಿಂದ ಭಾವ ಬಂದ ದಿನ ತೆರೆದೆವು. ಒಂದು ಗುಟುಕು ಕುಡಿದ ಭಾವ ಮುಖ ಕಿವುಚಿಕೊಂಡರು. "ಏನೋ ಇದು, ಒಣದ್ರಾಕ್ಷಿಗೆ ಹುಣಸೆ ನೀರು ಹಾಕಿ ಕುದಿಸಿದ ಹಾಗಿದೆ!"

ಭಾವನಿಗೆ ವೈನಿನ ಗಂಧಗಾಳಿ ಗೊತ್ತಿಲ್ಲ. ಆದರೂ ಅವರ ನಾಲಿಗೆ ಸುಳ್ಳು ಹೇಳಿರಲಿಲ್ಲ. ಆ ವೈನ್ ನಿಜಕ್ಕೂ ಬೆಂದುಹೋಗಿತ್ತು. ಪಶ್ಚಿಮದ ಕಿಟಕಿಯ ಎದುರು, ಮೂರು ಬೇಸಿಗೆಯ ಕಾವಿನಲ್ಲಿ, ನಿಧಾನವಾಗಿ.

ಮೊದಲೆಲ್ಲ ಇದು ನಮ್ಮಲ್ಲಿ ಹೆಚ್ಚಿನವರಿಗೆ ತಲೆಬಿಸಿಯ ವಿಷಯವೇ ಆಗಿರಲಿಲ್ಲ. ‘ವೈನ್ಸ್’ ಎಂದು ಬೋರ್ಡ್ ಹಾಕಿದ ಅಂಗಡಿಯಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತಿತ್ತು. ಈಗ ಹಾಗಿಲ್ಲ. ದೊಡ್ಡಬಳ್ಳಾಪುರದ ಗ್ರೋವರ್ ಕಂಪನಿ 1988ರಲ್ಲಿ ಶುರುವಾಗಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರೆಂಚ್ ದ್ರಾಕ್ಷಿ ಬೆಳೆಸಿತು. 2007ರಲ್ಲಿ ರಾಜ್ಯ ಸರ್ಕಾರ ವೈನಿಗೆಂದೇ ಒಂದು ನೀತಿ ತಂದಿತು. ಆಮೇಲೆ ಹಂಪಿಯ ಸುತ್ತಮುತ್ತಲಿಂದಲೂ ವೈನ್ ಬರತೊಡಗಿತು. ವೈನ್ ಮೇಳಕ್ಕೋ, ತೋಟ ನೋಡುವುದಕ್ಕೋ ಹೋದವರು ಎರಡು ಬಾಟಲಿ ಹಿಡಿದು ಮನೆಗೆ ಬರುತ್ತಾರೆ. ತಂದದ್ದನ್ನು ಎಲ್ಲಿಡಬೇಕು ಅಂತ ಮಾತ್ರ ಯಾರೂ ಹೇಳಿ ಕಳಿಸುವುದಿಲ್ಲ.

ರಸ, ವೈನ್, ವಿನಿಗರ್

ಎಲ್ಲಿಡಬೇಕು ಎನ್ನುವ ಮೊದಲು, ವೈನ್ ಯಾಕೆ ಕೆಡುತ್ತದೆ ಎಂದು ತಿಳಿಯಬೇಕು. ಕಳ್ಳು ಇಳಿಸುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಮರದಿಂದ ಆಗ ತಾನೇ ಇಳಿಸಿದ ರಸ ಸಿಹಿ. ಕೆಲವು ಗಂಟೆಯಲ್ಲಿ ನೊರೆ ಬಂದು ಅಮಲೇರಿಸುವ ಕಳ್ಳಾಗುತ್ತದೆ. ಹಾಗೇ ಬಿಟ್ಟರೆ ಹುಳಿಯಾಗುತ್ತದೆ. ಇನ್ನೂ ಬಿಟ್ಟರೆ ವಿನಿಗರ್. ಕರಾವಳಿಯ ಕ್ರೈಸ್ತರ ಅಡುಗೆಮನೆಯಲ್ಲಿ ಕಳ್ಳಿನ ವಿನಿಗರ್‌ಗೆ ಇವತ್ತಿಗೂ ಮರ್ಯಾದೆ ಇದೆ.

ದ್ರಾಕ್ಷಿ ಹಿಡಿಯುವುದೂ ಇದೇ ದಾರಿ. ಯೀಸ್ಟ್ ಎಂಬ ಸೂಕ್ಷ್ಮಜೀವಿ ದ್ರಾಕ್ಷಿ ರಸದ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಹೆಚ್ಚಿನ ವೈನ್‌ಗಳಲ್ಲಿ ಇದು ಶೇ 11ರಿಂದ 15ರವರೆಗೆ ಇರುತ್ತದೆ. ಆಮೇಲೆ ಅಸೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸರದಿ. ಅದಕ್ಕೆ ಗಾಳಿ ಸಿಕ್ಕರೆ ಆಲ್ಕೋಹಾಲನ್ನು ಅಸಿಟಿಕ್ ಆಮ್ಲ ಮಾಡಿಬಿಡುತ್ತದೆ. ವಿನಿಗರ್ ಅಂದರೆ ಅದೇ. ಒಟ್ಟಿನಲ್ಲಿ ವೈನ್ ಎಂಬುದು ರಸಕ್ಕೂ ವಿನಿಗರ್‌ಗೂ ನಡುವೆ ಒಂದು ನಿಲ್ದಾಣ. ಅಲ್ಲಿ ಬಸ್ಸನ್ನು ಎಷ್ಟು ಹೊತ್ತು ನಿಲ್ಲಿಸಬಹುದು ಎಂಬುದೇ ನಮ್ಮ ಪ್ರಶ್ನೆ.

ಈ ಪ್ರಶ್ನೆಗೆ ಅರಸರೂ ತಲೆ ಕೆಡಿಸಿಕೊಂಡಿದ್ದರು. 1860ರ ದಶಕದಲ್ಲಿ ಫ್ರಾನ್ಸಿನ ವೈನ್ ಕೆಡುತ್ತಿದೆ ಎಂಬ ದೂರು ಜಾಸ್ತಿಯಾದಾಗ, ಚಕ್ರವರ್ತಿ ಮೂರನೇ ನೆಪೋಲಿಯನ್ ಕಾರಣ ಹುಡುಕುವ ಕೆಲಸವನ್ನು ಲೂಯಿ ಪಾಶ್ಚರ್‌ಗೆ ಒಪ್ಪಿಸಿದ. ಕೆಡಿಸುವುದು ಸೂಕ್ಷ್ಮಜೀವಿಗಳು, ಹದವಾಗಿ ಬಿಸಿ ಮಾಡಿದರೆ ಅವು ಸಾಯುತ್ತವೆ ಎಂದು ಪಾಶ್ಚರ್ ತೋರಿಸಿದ. ಇವತ್ತು ಹಾಲಿನ ಪ್ಯಾಕೆಟ್ ಮೇಲೆ ನಾವು ಓದುವ ಪಾಶ್ಚರೀಕರಣ ಎಂಬ ಪದದ ಹಿಂದೆ ಮೊದಲು ಇದ್ದದ್ದು ಹಾಲಲ್ಲ, ವೈನ್.

ಗಾಳಿ, ಮತ್ತು ಉಪ್ಪಿನಕಾಯಿಯ ಮೇಲಿನ ಎಣ್ಣೆ

ಬ್ಯಾಕ್ಟೀರಿಯಾ ಇಲ್ಲದಿದ್ದರೂ ಗಾಳಿ ವೈನನ್ನು ಸುಮ್ಮನೆ ಬಿಡುವುದಿಲ್ಲ. ಹೆಚ್ಚಿದ ಬದನೆಕಾಯಿಯನ್ನು ನೀರಿಗೆ ಹಾಕದೆ ಬಿಟ್ಟರೆ ಕಪ್ಪಾಗುತ್ತದೆ ಅಲ್ವಾ? ಗಾಳಿಯ ಆಮ್ಲಜನಕ ಅದರ ಒಳಗಿನ ಅಂಶಗಳ ಜೊತೆ ಸೇರುವುದರಿಂದ ಹಾಗಾಗುತ್ತದೆ. ವೈನಿನಲ್ಲೂ ಆಮ್ಲಜನಕ ಅಂಥದ್ದೇ ಕೆಲಸ ಮಾಡುತ್ತದೆ. ಬಿಳಿ ವೈನ್ ಕಂದು ಬಣ್ಣಕ್ಕೆ ತಿರುಗುತ್ತದೆ. ಕೆಂಪು ವೈನಿನ ಹೊಳಪು ಹೋಗಿ ಇಟ್ಟಿಗೆ ಬಣ್ಣ ಬರುತ್ತದೆ. ಹಣ್ಣಿನ ಪರಿಮಳ ಸತ್ತುಹೋಗುತ್ತದೆ.

ಇದನ್ನು ತಡೆಯಲು ತಯಾರಕರು ಸ್ವಲ್ಪ ಸಲ್ಫರ್ ಡೈಆಕ್ಸೈಡ್ ಸೇರಿಸುತ್ತಾರೆ. ಬಾಟಲಿಯ ಹಿಂದಿನ ಚೀಟಿಯಲ್ಲಿ ಐಎನ್ಎಸ್ 220 ಎಂದು ಕಂಡರೆ ಅದು ಇದೇ. ಒಳಗೆ ಬಂದ ಆಮ್ಲಜನಕವನ್ನು ಅದು ವೈನಿಗಿಂತ ಮೊದಲು ತಾನು ಹಿಡಿದುಕೊಳ್ಳುತ್ತದೆ. ಆದರೆ ಈ ಕಾವಲುಗಾರ ಕಾಯಂ ಅಲ್ಲ. ದಿನ ಕಳೆದಂತೆ ಖರ್ಚಾಗುತ್ತಾ ಹೋಗುತ್ತದೆ. ಕ್ರಿಸ್‌ಮಸ್‌ಗೆಂದು ಮನೆಯಲ್ಲೇ ಮಾಡುವ ವೈನ್ ಅಂಗಡಿಯದ್ದಕ್ಕಿಂತ ಬೇಗ ಕೆಡುವುದಕ್ಕೆ ಒಂದು ಕಾರಣ, ಅದರಲ್ಲಿ ಸಾಮಾನ್ಯವಾಗಿ ಇದನ್ನು ಹಾಕಿರುವುದಿಲ್ಲ.

ಗಾಳಿಯನ್ನು ದೂರ ಇಡುವ ವಿದ್ಯೆ ನಮ್ಮ ಅಜ್ಜಿಯರಿಗೂ ಗೊತ್ತಿತ್ತು. ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯಲ್ಲಿ ಹೋಳಿನ ಮೇಲೆ ಎಣ್ಣೆ ನಿಲ್ಲಬೇಕು ಎನ್ನುತ್ತಿದ್ದರಲ್ಲ, ಅದೇ ವಿದ್ಯೆ. ಜರ್ಮನಿಯ ಸ್ಪೆಯರ್ ಊರಿನ ಮ್ಯೂಸಿಯಂನಲ್ಲಿ ಒಂದು ಗಾಜಿನ ಬಾಟಲಿ ಇದೆ. 1867ರಲ್ಲಿ ರೋಮನ್ ಕಾಲದ ಸಮಾಧಿಯೊಂದರಲ್ಲಿ ಸಿಕ್ಕಿದ್ದು. ಕ್ರಿ.ಶ. ನಾಲ್ಕನೇ ಶತಮಾನದ್ದು. ಅದರೊಳಗಿನ ವೈನ್ ಇವತ್ತಿಗೂ ಆವಿಯಾಗಿ ಹೋಗದೆ ದ್ರವವಾಗಿಯೇ ಉಳಿದಿದೆ. ಕಾರಣ? ಬಾಯಿಗೆ ಮೇಣ ಹಾಕಿದ್ದರು, ಅದಕ್ಕೂ ಮೊದಲು ವೈನಿನ ಮೇಲೆ ಆಲಿವ್ ಎಣ್ಣೆ ಸುರಿದಿದ್ದರು. ಕುಡಿಯುವ ಹಾಗೆ ಉಳಿದಿದೆ ಎಂದಲ್ಲ. ಹದಿನಾರು ಶತಮಾನದ ಉಪ್ಪಿನಕಾಯಿಯನ್ನೂ ಯಾರೂ ತಿನ್ನುವುದಿಲ್ಲ.

ಕಾವು: ನಮ್ಮ ನಾಡಿನಲ್ಲಿ ಇದೇ ದೊಡ್ಡ ಶತ್ರು

ವೈನ್ ಇಡುವುದಕ್ಕೆ ಎಲ್ಲರೂ ಒಪ್ಪುವ ತಾಪಮಾನ ಸುಮಾರು 13 ಡಿಗ್ರಿ ಸೆಲ್ಸಿಯಸ್. ಒಂದೆರಡು ಡಿಗ್ರಿ ಆಚೀಚೆ ಆದರೆ ಏನೂ ಆಗುವುದಿಲ್ಲ. ಯುರೋಪಿನ ಹಳೆಯ ನೆಲಮಾಳಿಗೆಗಳಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಯಾರೋ ಪ್ರಯೋಗಶಾಲೆಯಲ್ಲಿ ಕೂತು ಈ ಅಂಕಿ ಹುಡುಕಲಿಲ್ಲ. ಅವರ ನೆಲದಡಿಯ ತಂಪೇ ನಿಯಮವಾಗಿ ನಿಂತಿತು.

ಈಗ ನಮ್ಮ ಕಡೆ ನೋಡಿ. ‘ತಂಪಿನ ಊರು’ ಎಂದು ಹೆಸರಾದ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿತ್ತು. ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯಲ್ಲಿ 40 ದಾಟುವುದು ಸುದ್ದಿಯೇ ಅಲ್ಲ.

ಕಾವು ಏರಿದರೆ ಏನಾಗುತ್ತದೆ? ರಸಾಯನಶಾಸ್ತ್ರದಲ್ಲಿ ಒಂದು ಸ್ಥೂಲ ಲೆಕ್ಕ ಇದೆ. ಪ್ರತಿ 10 ಡಿಗ್ರಿ ಏರಿಕೆಗೆ ರಾಸಾಯನಿಕ ಕ್ರಿಯೆಗಳ ವೇಗ ಹತ್ತಿರಹತ್ತಿರ ಎರಡು ಪಟ್ಟಾಗುತ್ತದೆ. 13 ಡಿಗ್ರಿಯಿಂದ 33ಕ್ಕೆ ಹೋದರೆ ನಾಲ್ಕು ಪಟ್ಟು. ಹಾಗಾದರೆ ಒಳ್ಳೆಯದೇ ಆಯಿತಲ್ಲ, ನಾಲ್ಕು ವರ್ಷ ಮಾಗಬೇಕಾದದ್ದು ಒಂದೇ ವರ್ಷದಲ್ಲಿ ಮಾಗುತ್ತದೆ ಎಂದು ನನಗೂ ಅನಿಸಿತ್ತು. ಆದರೆ ಎಲ್ಲ ಕ್ರಿಯೆಗಳೂ ಒಂದೇ ಸಮನೆ ವೇಗ ಪಡೆಯುವುದಿಲ್ಲ. ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡಿದ ಮಾವಿಗೂ, ಪುಡಿ ಹಾಕಿ ಎರಡೇ ದಿನದಲ್ಲಿ ಹಳದಿ ಮಾಡಿದ ಮಾವಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತಲ್ಲ. ಬಣ್ಣ ಬಂದಿರುತ್ತದೆ, ರುಚಿ ಬಂದಿರುವುದಿಲ್ಲ. 25 ಡಿಗ್ರಿಗಿಂತ ಮೇಲೆ ತಿಂಗಳುಗಟ್ಟಲೆ ಇದ್ದ ವೈನಿನಲ್ಲಿ ತಾಜಾ ಹಣ್ಣಿನ ಪರಿಮಳ ಹೋಗಿ ಜಾಮ್, ಒಣದ್ರಾಕ್ಷಿ, ಬೇಯಿಸಿದ ಹಣ್ಣಿನ ವಾಸನೆ ಬರುತ್ತದೆ. ವೈನ್ ಬಲ್ಲವರೂ ಇದನ್ನು ‘ಬೆಂದ ವೈನ್’ ಎಂದೇ ಕರೆಯುತ್ತಾರೆ. ಭಾವ ಹೇಳಿದ್ದು ಅದನ್ನೇ.

ಇನ್ನೊಂದು ತೊಂದರೆ ಇದೆ. ಬಿಸಿಯಾದ ದ್ರವ ಹಿಗ್ಗುತ್ತದೆ. 750 ಮಿಲಿಲೀಟರ್ ಬಾಟಲಿ 20 ಡಿಗ್ರಿಯಿಂದ 40ಕ್ಕೆ ಹೋದರೆ ಒಳಗಿನ ವೈನ್ ಸುಮಾರು ಒಂದು ಟೀ ಚಮಚದಷ್ಟು ಹಿಗ್ಗುತ್ತದೆ. ಕಡಿಮೆ ಅನಿಸುತ್ತದೆ. ಆದರೆ ಕಾರ್ಕಿನ ಕೆಳಗೆ ಬಿಟ್ಟಿರುವ ಖಾಲಿ ಜಾಗವೇ ಹೆಚ್ಚುಕಡಿಮೆ ಅಷ್ಟು! ಒತ್ತಡಕ್ಕೆ ಕಾರ್ಕ್ ಮೇಲೇಳುತ್ತದೆ, ಇಲ್ಲವೇ ಅದರ ಪಕ್ಕದಿಂದ ವೈನ್ ಜಿನುಗುತ್ತದೆ. ರಾತ್ರಿ ತಣ್ಣಗಾದಾಗ ವೈನ್ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತದೆ. ದಿನಾ ಹೀಗೆ ಆದರೆ ಬಾಟಲಿ ಉಸಿರಾಡಿದ ಹಾಗೆ. ಅದಕ್ಕೇ ಬಲ್ಲವರು ತಂಪಿಗಿಂತಲೂ ಒಂದೇ ಸಮನಾದ ತಾಪಮಾನದ ಬಗ್ಗೆ ಜಾಸ್ತಿ ಮಾತಾಡುತ್ತಾರೆ. ಸದಾ 20 ಡಿಗ್ರಿ ಇರುವ ಮೂಲೆಯೊಂದು, ಹಗಲು 32, ರಾತ್ರಿ 18 ಆಗುವ ಕೋಣೆಗಿಂತ ಎಷ್ಟೋ ಮೇಲು.

ತಂಪು, ಕತ್ತಲೆ, ಅಲುಗಾಡದ ಜಾಗ ಮೂರೂ ಒಟ್ಟಿಗೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ. 2010ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ, ಫಿನ್ಲೆಂಡಿಗೆ ಸೇರಿದ ಆಲಾಂಡ್ ದ್ವೀಪಗಳ ಹತ್ತಿರ, ಸುಮಾರು 50 ಮೀಟರ್ ಆಳದಲ್ಲಿ ಮುಳುಗಿದ ಹಡಗೊಂದು ಸಿಕ್ಕಿತು. ಅದರಲ್ಲಿ ನೂರಕ್ಕೂ ಹೆಚ್ಚು ಶಾಂಪೇನ್ ಬಾಟಲಿಗಳಿದ್ದವು. ಸುಮಾರು 170 ವರ್ಷ ಹಳೆಯವು. ಆ ಆಳದಲ್ಲಿ ನೀರು 2ರಿಂದ 4 ಡಿಗ್ರಿ ಮಾತ್ರ, ಬೆಳಕಿಲ್ಲ. ಅವುಗಳಲ್ಲಿ ಕೆಲವು ಇನ್ನೂ ಕುಡಿಯುವ ಹಾಗಿದ್ದವು.

ಕಾವೇ ಬೇಕು ಎನ್ನುವ ವೈನೂ ಒಂದಿದೆ ಅನ್ನಿ. ಪೋರ್ಚುಗಲ್‌ನ ಮದೀರಾ ದ್ವೀಪದ ವೈನ್ ಹಡಗಿನಲ್ಲಿ ಇಂಡಿಯಾದ ಕಡೆಗೆ ಹೋಗಿ ಬರುವಾಗ ಉಷ್ಣವಲಯದ ಸೆಕೆಯಲ್ಲಿ ಕಾದು, ಮೊದಲಿಗಿಂತ ರುಚಿಯಾಗುತ್ತಿತ್ತಂತೆ. ಈಗ ಅದೇ ಪರಿಣಾಮಕ್ಕೆ ತೊಟ್ಟಿಗಳಲ್ಲಿ 45ರಿಂದ 50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ. ಅದನ್ನು ಬ್ರಾಂದಿ ಸೇರಿಸಿ ಗಟ್ಟಿ ಮಾಡಿರುತ್ತಾರೆ. ಉಳಿದ ವೈನಿಗೆ ಆ ಗಟ್ಟಿತನ ಇಲ್ಲ.

ಬೆಳಕು

ವೈನ್ ಬಾಟಲಿ ಯಾಕೆ ಸಾಮಾನ್ಯವಾಗಿ ಕಡು ಹಸಿರು, ಕಂದು? ಚೆಂದಕ್ಕಲ್ಲ. ಬಿಸಿಲಿನ ನೇರಳಾತೀತ ಕಿರಣ ಮತ್ತು ನೀಲಿ ಬೆಳಕು ವೈನಿನೊಳಗಿನ ರೈಬೋಫ್ಲೇವಿನ್ ಎಂಬ ವಿಟಮಿನ್ನನ್ನು ಕೆಣಕುತ್ತವೆ. ಅದರಿಂದ ಗಂಧಕದ ಸಂಯುಕ್ತಗಳು ಹುಟ್ಟಿ, ಬೆಂದ ಎಲೆಕೋಸಿನಂಥ, ಒದ್ದೆ ಉಣ್ಣೆಯಂಥ ವಾಸನೆ ಬರುತ್ತದೆ. ಪಾರದರ್ಶಕ ಬಾಟಲಿಯ ಬಿಳಿ ವೈನ್‌ಗೆ, ರೋಸೆ ಎಂಬ ನಸುಗೆಂಪು ವೈನ್‌ಗೆ ಇದರ ಕಾಟ ಜಾಸ್ತಿ. ಕೆಂಪು ವೈನಿನ ಬಣ್ಣ ಮತ್ತು ಒಗರು ಅದಕ್ಕೆ ಸ್ವಲ್ಪ ಆಸರೆ ಕೊಡುತ್ತವೆ.

ರಷ್ಯಾದ ಜಾರ್ ಎರಡನೇ ಅಲೆಕ್ಸಾಂಡರ್‌ಗೆಂದು 1876ರಲ್ಲಿ ಲೂಯಿ ರೋಡರರ್ ಕಂಪನಿ ಕ್ರಿಸ್ಟಲ್ ಎಂಬ ಶಾಂಪೇನ್ ಮಾಡಿತು. ಬಾಟಲಿ ಪಾರದರ್ಶಕ. ಅದನ್ನು ಇವತ್ತಿಗೂ ಬಣ್ಣದ ಹಾಳೆಯಲ್ಲಿ ಸುತ್ತಿಯೇ ಮಾರುತ್ತಾರೆ. ನಮಗೆ ಹಳೆಯ ನ್ಯೂಸ್‌ಪೇಪರ್ ಸಾಕು.

ಮಲಗಿಸಬೇಕೋ, ನಿಲ್ಲಿಸಬೇಕೋ?

ಇದಕ್ಕೆ ಉತ್ತರ ಬಾಟಲಿಯ ಬಾಯಲ್ಲಿದೆ. ಕಾರ್ಕ್ ಅಂದರೆ ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿನಲ್ಲೇ ಹೆಚ್ಚು ಬರುವುದು ಪೋರ್ಚುಗಲ್‌ನಿಂದ. ಮರಕ್ಕೆ ಸುಮಾರು 25 ವರ್ಷ ಆದ ಮೇಲೆ ಮೊದಲ ಸಲ ತೊಗಟೆ ಬಿಡಿಸುತ್ತಾರೆ, ಮತ್ತೆ ಒಂಬತ್ತು ವರ್ಷ ಕಾಯುತ್ತಾರೆ. ಸುಮಾರು 24 ಮಿಲಿಮೀಟರ್ ದಪ್ಪದ ಕಾರ್ಕನ್ನು 18 ಮಿಲಿಮೀಟರ್ ಚಿಲ್ಲರೆ ಅಗಲದ ಕತ್ತಿನೊಳಗೆ ಒತ್ತಿ ತುರುಕಿರುತ್ತಾರೆ. ಅದು ಮತ್ತೆ ಹಿಗ್ಗಲು ನೋಡುತ್ತಲೇ ಇರುತ್ತದೆ. ಹಾಗಾಗಿಯೇ ಬಿಗಿ.

ಒಣಗಿದರೆ ಕಾರ್ಕ್ ಕುಗ್ಗುತ್ತದೆ, ಪುಡಿಪುಡಿಯಾಗುತ್ತದೆ. ವೈನ್ ತಾಗುತ್ತಿದ್ದರೆ ಒಣಗುವುದಿಲ್ಲ. ಅದಕ್ಕೆ ಮಲಗಿಸುವ ರೂಢಿ ಬಂತು. ಬಾಟಲಿಯೊಳಗಿನ ಗಾಳಿಯಲ್ಲೇ ಬೇಕಾದಷ್ಟು ತೇವ ಇದೆ, ಮಲಗಿಸದಿದ್ದರೂ ನಡೆಯುತ್ತದೆ ಎನ್ನುವ ತಜ್ಞರೂ ಇದ್ದಾರೆ. ಆ ಜಗಳ ನಮಗೆ ಬೇಡ. ಕೆಲವು ತಿಂಗಳಿಗಿಂತ ಹೆಚ್ಚು ಇಡುವುದಾದರೆ ಕಾರ್ಕ್ ಬಾಟಲಿಯನ್ನು ಮಲಗಿಸಿ, ಅದರಿಂದ ನಷ್ಟವೇನಿಲ್ಲ. ತಿರುಪಿನ ಮುಚ್ಚಳದ ಬಾಟಲಿಗೆ ಈ ಯೋಚನೆಯೇ ಇಲ್ಲ, ಹೇಗಾದರೂ ಇಡಿ. ಅಂದಹಾಗೆ ತಿರುಪಿನ ಮುಚ್ಚಳ ಎಂದರೆ ಅಗ್ಗದ ಮಾಲು ಎಂದು ಭಾವಿಸುವವರು ಬಹಳ. ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಒಳ್ಳೊಳ್ಳೆಯ ವೈನ್‌ಗಳೂ ಈಗ ಅದೇ ಮುಚ್ಚಳದಲ್ಲಿ ಬರುತ್ತವೆ.

ಗಾಳಿಯಲ್ಲಿ ಶೇ 60ರಿಂದ 70 ತೇವ ಇರಲಿ ಎನ್ನುತ್ತಾರೆ. ಮಂಗಳೂರು, ಉಡುಪಿಯವರಿಗೆ ತೇವದ ಕೊರತೆ ಇಲ್ಲ. ಅಲ್ಲಿ ಮಳೆಗಾಲದಲ್ಲಿ ಚೀಟಿಗೆ ಬೂಷ್ಟು ಹಿಡಿಯುತ್ತದೆ, ಒಳಗಿನ ವೈನಿಗೆ ಏನೂ ಆಗುವುದಿಲ್ಲ. ಬಯಲುಸೀಮೆಯ ಬೇಸಿಗೆಯ ಒಣಗಾಳಿ ಕಾರ್ಕಿಗೆ ಹೆಚ್ಚು ಕಷ್ಟ.

ಹಳೆಯದಾದರೆ ಒಳ್ಳೆಯದಾ?

ಎಲ್ಲ ಗೊಂದಲದ ಬೇರು ಈ ಮಾತು. ಅಂಗಡಿಯಲ್ಲಿ ಸಿಗುವ ವೈನಿನಲ್ಲಿ ಬಹುಪಾಲು, ಮಾರುಕಟ್ಟೆಗೆ ಬಂದ ಒಂದೆರಡು ವರ್ಷದಲ್ಲಿ ಕುಡಿಯಲೆಂದೇ ಮಾಡಿದ್ದು. ವರ್ಷಗಟ್ಟಲೆ ಇಟ್ಟು ಚೆನ್ನಾಗುವ ವೈನ್ ಬಹಳ ಕಡಿಮೆ.

ಯಾವುದು ಮಾಗುತ್ತದೆ? ಒಗರು, ಹುಳಿ ಅಥವಾ ಸಿಹಿ, ಇವುಗಳಲ್ಲಿ ಒಂದಾದರೂ ಚೆನ್ನಾಗಿರಬೇಕು. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದುಕೊಳ್ಳುತ್ತದಲ್ಲ, ಅದೇ ಒಗರು. ವೈನಿನ ಭಾಷೆಯಲ್ಲಿ ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುತ್ತದೆ. ವರ್ಷ ಕಳೆದಂತೆ ಟ್ಯಾನಿನ್ ಕಣಗಳು ಒಂದಕ್ಕೊಂದು ಅಂಟಿಕೊಂಡು ತಳಕ್ಕಿಳಿಯುತ್ತವೆ, ವೈನ್ ಮೆತ್ತಗಾಗುತ್ತದೆ. ಫ್ರಾನ್ಸಿನ ಬೋರ್ಡೋ, ಇಟಲಿಯ ಬರೋಲೋ ಕಡೆಯ ಒಳ್ಳೆಯ ಕೆಂಪು ವೈನ್‌ಗಳು ಹೀಗೆ ದಶಕಗಟ್ಟಲೆ ಬಾಳುತ್ತವೆ. ಜರ್ಮನಿಯ ರೀಸ್ಲಿಂಗ್ ಬಿಳಿ ವೈನಾದರೂ ಹುಳಿಯ ಬಲದಿಂದ ಬಾಳುತ್ತದೆ.

ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿ ‘ಪೋರ್ಟ್’ ಎಂದು ಮಾರುವ ಸಿಹಿ ವೈನನ್ನು ಪೋರ್ಚುಗಲ್‌ನ ಪೋರ್ಟ್ ಜೊತೆ ಹೋಲಿಸಬೇಡಿ. ಹೆಸರು ಮಾತ್ರ ಒಂದು. ಅಲ್ಲಿಯ ವಿಂಟೇಜ್ ಪೋರ್ಟ್ ನಾಲ್ಕೈದು ದಶಕ ಇರಬಲ್ಲದು. ಇಲ್ಲಿಯದು ತಂದ ಮೇಲೆ ಬೇಗ ಕುಡಿಯುವಂಥದ್ದು.

ಬಾಟಲಿ ಮೇಲಿನ ಇಸವಿಗೂ ಒಂದು ಅರ್ಥ ಇದೆ. ಅದು ಬಾಟಲಿಗೆ ತುಂಬಿದ ವರ್ಷ ಅಲ್ಲ, ದ್ರಾಕ್ಷಿ ಕೊಯ್ದ ವರ್ಷ. ಯುರೋಪಿನಲ್ಲಿ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ನಮ್ಮಲ್ಲಿ ಚಳಿ ಮುಗಿಯುವ ಹೊತ್ತಿಗೆ, ಜನವರಿಯಿಂದ ಮಾರ್ಚ್‌ವರೆಗೆ. ಅಂದರೆ ಒಂದೇ ಇಸವಿ ಬರೆದಿದ್ದರೂ ನಮ್ಮ ವೈನಿಗೆ ಅರ್ಧ ವರ್ಷ ವಯಸ್ಸು ಜಾಸ್ತಿ.

ಮನೆಯಲ್ಲಿ ಜಾಗ ಹುಡುಕುವುದು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳ ಇಡಲು ನೆಲದಡಿ ಹಗೇವು ಇರುತ್ತಿತ್ತು. ಮೇಲೆ ಬಿಸಿಲು ಸುಡುತ್ತಿದ್ದರೂ ಒಳಗೆ ಹವೆ ಅಷ್ಟಾಗಿ ಬದಲಾಗುತ್ತಿರಲಿಲ್ಲ. ವೈನ್ ನೆಲಮಾಳಿಗೆಯ ತತ್ವವೂ ಅದೇ. ಮಣ್ಣಿನ ದಪ್ಪ ಗೋಡೆಯ ತೊಟ್ಟಿಮನೆ ಇದ್ದವರು ಅದರ ನಡುವಿನ ಕತ್ತಲೆ ಕೋಣೆ ಬಳಸಬಹುದು. ಅಮೆರಿಕದಲ್ಲೋ ಯುರೋಪಿನಲ್ಲೋ ಇರುವ ಕನ್ನಡಿಗರಿಗೆ ಬೇಸ್‌ಮೆಂಟ್ ಇದ್ದರೆ ಅದೇ ಹಗೇವು, ಬಾಯ್ಲರ್ ಪಕ್ಕ ಇಡಬೇಡಿ ಅಷ್ಟೇ. ಉಳಿದ ನಮಗೆಲ್ಲ ಆರ್‌ಸಿಸಿ ಮನೆ, ಮೂರನೇ ಮಹಡಿ.

ಮೊದಲು ಬೇಡದ ಜಾಗಗಳು. ಅಟ್ಟ ಬೇಡ. ಬೇಡದ್ದನ್ನೆಲ್ಲ ಅಟ್ಟಕ್ಕೆ ಹಾಕುವುದು ನಮ್ಮ ಅಭ್ಯಾಸ, ಆದರೆ ಬಿಸಿ ಗಾಳಿ ಮೇಲೇರಿ ಸೇರುವುದೂ ಅಲ್ಲೇ. ಮೇಲೆ ನೇರ ತಾರಸಿ ಇದ್ದರೆ ಹಗಲೆಲ್ಲ ಕಾದ ಛಾವಣಿ ರಾತ್ರಿಯೂ ಕಾವು ಬಿಡುತ್ತಿರುತ್ತದೆ. ಫ್ರಿಜ್ಜಿನ ತಲೆಯ ಮೇಲೂ ಬೇಡ, ಅಲ್ಲಿ ಕಾವಿನ ಜೊತೆ ಅದುರುವಿಕೆಯೂ ಇರುತ್ತದೆ. ಒಲೆಯ ಪಕ್ಕದ ಕಬೋರ್ಡ್, ಪಶ್ಚಿಮದ ಗೋಡೆ, ಗಾಜಿನ ಶೋಕೇಸ್, ಮೂರೂ ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಂತೂ ಬೇಡವೇ ಬೇಡ. ಮುಚ್ಚಿದ ಕಾರಿನೊಳಗೆ 50 ಡಿಗ್ರಿ ದಾಟಬಹುದು. ತೋಟದಿಂದ ತರುವಾಗ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದ ಒಂದೂವರೆ ಗಂಟೆಯಲ್ಲೇ ಕೆಲಸ ಕೆಡಬಹುದು.

ಬಟ್ಟೆಯ ಬೀರು ಕತ್ತಲೆಯ ಜಾಗವೇನೋ ಹೌದು. ಆದರೆ ಅಲ್ಲಿ ನುಸಿಗುಳಿಗೆ ಇರುತ್ತದೆ. ಘಾಟು ವಾಸನೆ ಕಾರ್ಕಿನ ಮೂಲಕ ನಿಧಾನವಾಗಿ ಒಳಗೆ ಇಳಿಯಬಹುದು. ಬಣ್ಣದ ಡಬ್ಬಿ, ಫಿನಾಯಿಲ್ ಇಡುವ ಜಾಗಕ್ಕೂ ಇದೇ ಮಾತು.

ಹಾಗಾದರೆ ಉಳಿಯುವುದು? ಹೊರಗೋಡೆಗೆ ತಾಗದ ಕಬೋರ್ಡಿನ ಅತಿ ಕೆಳಗಿನ ಅರೆ, ಮೆಟ್ಟಿಲ ಕೆಳಗಿನ ಜಾಗ, ಉತ್ತರ ದಿಕ್ಕಿನ ಕೋಣೆಯಲ್ಲಿ ಮಂಚದ ಕೆಳಗೆ. ಊಹೆ ಮಾಡುವ ಬದಲು ಕನಿಷ್ಠ–ಗರಿಷ್ಠ ತೋರಿಸುವ ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರನ್ನು ಒಂದು ವಾರ ಅಲ್ಲಿಡಿ. ನಮ್ಮ ಮನೆಯಲ್ಲಿ ಹಾಗೆ ನೋಡಿದಾಗ, ತಂಪು ಎಂದು ನಾನು ನಂಬಿದ್ದ ಸ್ಟೋರ್ ರೂಮಿಗಿಂತ ಮಂಚದ ಕೆಳಗೆ ಎರಡು ಡಿಗ್ರಿ ಕಡಿಮೆ ಇತ್ತು. ಬಾಟಲಿಗಳನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಹಗಲು–ರಾತ್ರಿಯ ಏರಿಳಿತ ಇನ್ನೂ ಕಡಿಮೆಯಾಗುತ್ತದೆ. ಪೆಟ್ಟಿಗೆ ತಂಪು ಮಾಡುವುದಿಲ್ಲ, ಏರಿಳಿತವನ್ನು ಮೊಂಡು ಮಾಡುತ್ತದೆ.

ಬೆಂಗಳೂರು, ಮೈಸೂರು, ಮಡಿಕೇರಿಯಲ್ಲಿ ಜೂನ್‌ನಿಂದ ಫೆಬ್ರವರಿವರೆಗೆ ಇಷ್ಟು ಸಾಕು. ಮಾರ್ಚ್ ಬಂದರೆ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸಿ. ಮಿಕ್ಕ ಊರಿನವರು ತಂದ ದಿನವೇ ಸೇರಿಸುವುದು ಕ್ಷೇಮ. ಫ್ರಿಜ್ಜಿನ 4 ಡಿಗ್ರಿ ವೈನಿಗೆ ತಂಪು ಜಾಸ್ತಿ, ಗಾಳಿ ಒಣ. ಆದ್ದರಿಂದ ವರ್ಷಗಟ್ಟಲೆ ಇಡುವ ಜಾಗ ಅದಲ್ಲ. ಆದರೆ ಎರಡು ಮೂರು ತಿಂಗಳಿಗೆ ಏನೂ ತೊಂದರೆಯಿಲ್ಲ. ಮೇ ತಿಂಗಳ ಸೆಕೆಗಿಂತ ಸಾವಿರ ಪಾಲು ವಾಸಿ. ತರಕಾರಿ ಡ್ರಾಯರ್ ಸ್ವಲ್ಪ ಬೆಚ್ಚಗಿರುತ್ತದೆ, ಅಲ್ಲಿ ಮಲಗಿಸಿ. ಹಲಸಿನ ತೊಳೆ ಇಟ್ಟಿದ್ದರೆ ಬೇರೆ ಮೂಲೆ ನೋಡಿ. ಫ್ರೀಜರ್‌ಗೆ ಮಾತ್ರ ಹಾಕಬೇಡಿ. ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ವೈನ್ ಹೆಪ್ಪುಗಟ್ಟಿ ಹಿಗ್ಗುತ್ತದೆ. ಕಾರ್ಕ್ ಹಾರಬಹುದು, ಬಾಟಲಿ ಒಡೆಯಬಹುದು.

ಹತ್ತಿಪ್ಪತ್ತು ಬಾಟಲಿ ಇಡುವವರು ವೈನ್ ಫ್ರಿಜ್ ಯೋಚಿಸಬಹುದು. ಇವುಗಳಲ್ಲಿ ಎರಡು ಬಗೆ. ಮಾಮೂಲಿ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವುದು ಒಂದು, ಕಂಪ್ರೆಸರ್ ಇಲ್ಲದೆ ನೇರವಾಗಿ ವಿದ್ಯುತ್ತಿನಿಂದಲೇ ತಂಪು ಮಾಡುವ ಥರ್ಮೋಎಲೆಕ್ಟ್ರಿಕ್ ಇನ್ನೊಂದು. ಎರಡನೆಯದು ಸದ್ದಿಲ್ಲದ್ದು, ಅದುರುವುದಿಲ್ಲ. ಆದರೆ ಸುತ್ತಲಿನ ಗಾಳಿಗಿಂತ ಇಷ್ಟೇ ಡಿಗ್ರಿ ಕೆಳಗೆ ಇಳಿಸಬಲ್ಲದು ಎಂಬ ಮಿತಿ ಅದಕ್ಕಿದೆ. ಕೋಣೆಯೇ 36 ಡಿಗ್ರಿ ಇದ್ದಾಗ ಅದು 13ಕ್ಕೆ ಇಳಿಸಲು ಏದುಸಿರು ಬಿಡುತ್ತದೆ. ನಮ್ಮ ಬೇಸಿಗೆಗೆ ಕಂಪ್ರೆಸರ್ ಇರುವುದೇ ಸರಿ. ಕೊಳ್ಳುವ ಮುಂಚೆ ಇನ್ನೊಂದು ವಿಷಯ: ಮನೆಯಲ್ಲಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದು ಎಂಬುದಕ್ಕೆ ಅಬಕಾರಿ ನಿಯಮಗಳ ಮಿತಿ ಇದೆ, ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ನೋಡಿಕೊಂಡು ಮುಂದುವರಿಯಿರಿ.

ಕುಡಿಯುವಾಗಿನ ತಾಪಮಾನದ ಬಗ್ಗೆಯೂ ಒಂದು ಮಾತು. ಕೆಂಪು ವೈನನ್ನು ‘ರೂಮ್ ಟೆಂಪರೇಚರ್’ನಲ್ಲಿ ಕೊಡಬೇಕು ಎನ್ನುತ್ತಾರೆ. ಆ ರೂಮ್ ಯುರೋಪಿನ ಹಳೆಯ ಕಲ್ಲುಮನೆಯದು, 16ರಿಂದ 18 ಡಿಗ್ರಿ. ನಮ್ಮ 30 ಡಿಗ್ರಿಯ ಹಾಲ್ ಅಲ್ಲ. ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಬಿಳಿಯನ್ನು ಹತ್ತು ಹದಿನೈದು ನಿಮಿಷ ಮುಂಚೆ ಹೊರಗಿಡಿ.

ತೆರೆದ ಮೇಲೆ

ಮುಚ್ಚಳ ತೆಗೆದ ಕ್ಷಣದಿಂದ ಗಾಳಿಯದ್ದೇ ಆಟ. ಮತ್ತೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಬಿಳಿ, ಕೆಂಪು ಎರಡೂ ಮೂರರಿಂದ ಐದು ದಿನ ಬರುತ್ತವೆ. ಹೌದು, ಕೆಂಪು ಕೂಡ ಫ್ರಿಜ್ಜಿಗೇ. ತೆರೆದ ಬಾಟಲಿಯನ್ನು ನಿಲ್ಲಿಸಿಯೇ ಇಡಿ. ಮಲಗಿಸಿದರೆ ಗಾಳಿ ತಾಗುವ ಮೇಲ್ಮೈ ಜಾಸ್ತಿ.

ದುಬಾರಿ ಪಂಪು, ಉಪಕರಣಗಳಿಗಿಂತ ಸುಲಭದ ಉಪಾಯ ಒಂದಿದೆ. ಅರ್ಧ ಉಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ, ತೆರೆದ ಕೂಡಲೇ ಒಂದು ಶುದ್ಧವಾದ ಚಿಕ್ಕ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ ಬಿಗಿಯಾಗಿ ಮುಚ್ಚಿ. ಒಳಗೆ ಗಾಳಿಗೆ ಜಾಗವೇ ಇಲ್ಲದ ಮೇಲೆ ಕೆಡಿಸುವುದು ಕಷ್ಟ. ಹೊರದೇಶದಲ್ಲಿ ಪೆಟ್ಟಿಗೆಯಲ್ಲಿ ಬರುವ ವೈನ್ ತಿಂಗಳಿಗೂ ಮೇಲೆ ಉಳಿಯುವುದರ ಗುಟ್ಟೂ ಇದೇ. ಒಳಗಿನ ಚೀಲ ವೈನ್ ಖಾಲಿಯಾದಂತೆ ಕುಗ್ಗುತ್ತದೆ, ಗಾಳಿ ಒಳಗೆ ಬರುವುದಿಲ್ಲ.

ನೊರೆ ವೈನ್ ಒಂದೆರಡು ದಿನ, ಅದೂ ಅದಕ್ಕೆಂದೇ ಸಿಗುವ ಬಿಗಿ ಮುಚ್ಚಳ ಇದ್ದರೆ. ಬಾಟಲಿಯ ಬಾಯಿಗೆ ಬೆಳ್ಳಿ ಚಮಚ ಇಟ್ಟರೆ ಗುಳ್ಳೆ ಉಳಿಯುತ್ತದೆ ಎಂಬ ನಂಬಿಕೆ ಫ್ರಾನ್ಸಿನಲ್ಲಿ ಬಹಳ ಹಳೆಯದು. ಚಮಚ ಏನೂ ಮಾಡುವುದಿಲ್ಲ.

ಕೆಟ್ಟಿದೆಯೇ ಎಂದು ಗುರುತಿಸುವುದು

ತೆರೆಯುವ ಮೊದಲೇ ಕೆಲವು ಸುಳಿವು ಸಿಗುತ್ತವೆ. ಕಾರ್ಕ್ ಬಾಯಿಯ ಮಟ್ಟಕ್ಕಿಂತ ಮೇಲೆದ್ದಿದ್ದರೆ, ಕತ್ತಿನ ಸುತ್ತ ಅಂಟು ಕಲೆ ಇದ್ದರೆ, ಅದು ಎಲ್ಲೋ ಬಿಸಿ ತಿಂದಿದೆ. ಅಂಗಡಿಯಲ್ಲಿ ಕೊಳ್ಳುವಾಗಲೂ ಇದನ್ನು ನೋಡಿ. ಬಿಸಿಲು ಬೀಳುವ ಗಾಜಿನ ಪಕ್ಕ ಅಲಂಕಾರಕ್ಕೆ ನಿಲ್ಲಿಸಿದ ಬಾಟಲಿ ಬೇಡ, ಒಳಗಿನಿಂದ ಕೊಡಿ ಎಂದು ಕೇಳುವುದರಲ್ಲಿ ಸಂಕೋಚ ಯಾಕೆ?

ತೆರೆದ ಮೇಲೆ ಮೂಗೇ ಸಾಕು. ವಿನಿಗರ್ ಘಾಟು ಬಂದರೆ ಬ್ಯಾಕ್ಟೀರಿಯಾ ಗೆದ್ದಿದೆ. ಒಣದ್ರಾಕ್ಷಿ, ಜಾಮ್ ವಾಸನೆ ಬಂದರೆ ಕಾವು. ಮಳೆಯಲ್ಲಿ ನೆನೆದ ರಟ್ಟಿನ ಪೆಟ್ಟಿಗೆಯ ವಾಸನೆ ಬಂದರೆ ಅದು ಕಾರ್ಕಿನ ದೋಷ. ಟಿಸಿಎ ಎಂಬ ರಾಸಾಯನಿಕದಿಂದ ಬರುವಂಥದ್ದು. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಇವು ಯಾವುವೂ ಸಾಮಾನ್ಯವಾಗಿ ಆರೋಗ್ಯಕ್ಕೆ ಅಪಾಯವಲ್ಲ, ನಾಲಿಗೆಗೆ ಮಾತ್ರ ಶಿಕ್ಷೆ.

ಒಂದನ್ನು ಮಾತ್ರ ನೋಡಿ ಗಾಬರಿಯಾಗಬೇಡಿ. ಫ್ರಿಜ್ಜಿನಲ್ಲಿ ಇದ್ದ ಬಾಟಲಿಯ ತಳದಲ್ಲಿ, ಕಾರ್ಕಿನ ಕೆಳಭಾಗದಲ್ಲಿ ಸಕ್ಕರೆ ಹರಳಿನಂಥ, ಗಾಜಿನ ಚೂರಿನಂಥ ಕಣಗಳು ಕಾಣಿಸಬಹುದು. ಗಾಜಲ್ಲ ಅದು. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ತಂಪಿಗೆ ಪೊಟ್ಯಾಶಿಯಂ ಜೊತೆ ಸೇರಿ ಹರಳುಗಟ್ಟಿದ್ದು. ಹುಣಸೆಹಣ್ಣಿಗೆ ಹುಳಿ ಕೊಡುವುದೂ ಇದೇ ಟಾರ್ಟಾರಿಕ್ ಆಮ್ಲ. ಭಾವನ ನಾಲಿಗೆಗೆ ಅರ್ಧ ಅಂಕ ಇದಕ್ಕೂ ಕೊಡಬೇಕು. ಕೊನೆಯ ಲೋಟ ಬಗ್ಗಿಸುವಾಗ ಕೈ ಅಲುಗಿಸದೆ ನಿಧಾನವಾಗಿ ಬಗ್ಗಿಸಿದರೆ ಹರಳುಗಳು ತಳದಲ್ಲೇ ಉಳಿಯುತ್ತವೆ.